ಅಮ್ಮನ ಎರಡು ಡೆಕ್ಸಾ ರಿಪೋರ್ಟ್, ಎರಡು ಬೇರೆ ಸಂಖ್ಯೆ. ಮೂಳೆ ನಿಜವಾಗಲೂ ಸವೆದಿದೆಯಾ?

ಹಾಸನದ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಗೊತ್ತಿರುವವರು ದಯವಿಟ್ಟು ಓದಿ ಹೇಳಿ.

ಅಮ್ಮನಿಗೆ 61. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದವರು, ಈಗ ರಿಟೈರ್ ಆಗಿದ್ದಾರೆ. ಒಂದೂವರೆ ವರ್ಷದ ಹಿಂದೆ ಬೆಂಗಳೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಗ, ಅಲ್ಲಿನ ಒಂದು ವಿಶ್ವವಿದ್ಯಾಲಯದ ಲ್ಯಾಬ್‌ನವರು ಸಂಶೋಧನೆಗೆ ಐವತ್ತು ದಾಟಿದ ಹೆಂಗಸರು ಬೇಕು ಅಂತ ಕರೆದಿದ್ದರು. ಅಮ್ಮ ಖುಷಿಯಿಂದಲೇ ಹೋದರು. ಮಲಗಿಸಿ ಡೆಕ್ಸಾ ಸ್ಕ್ಯಾನ್ (ಮೂಳೆ, ಕೊಬ್ಬು ಅಳೆಯುವ ಎಕ್ಸ್‌ರೇ) ಮಾಡಿದರು, ಕೈ ಹಿಡಿತದ ಬಲ ನೋಡಿದರು, ಆರು ನಿಮಿಷ ನಡೆಸಿದರು. ದುಡ್ಡು ತಗೊಳ್ಳಲಿಲ್ಲ, ಬಸ್ ಚಾರ್ಜ್ ಅವರೇ ಕೊಟ್ಟರು. ಹದಿನೈದು ದಿನ ಬಿಟ್ಟು ಒಂದು ಹಾಳೆ ಕಳಿಸಿದರು. ಅದರಲ್ಲಿ ಹಿಪ್ ಮೂಳೆಯ ಸಾಂದ್ರತೆ 0.846, ಟಿ-ಸ್ಕೋರ್ (ಯೌವನದ ಸರಾಸರಿಗೆ ಹೋಲಿಸಿ ಕೊಡುವ ಅಂಕ) ಮೈನಸ್ 1.3, ಮೈಯಲ್ಲಿ ಕೊಬ್ಬು ಶೇ 39.

ಹೋದ ತಿಂಗಳು ಮೊಣಕಾಲು ನೋವು ಅಂತ ಊರಿನಲ್ಲೇ ತೋರಿಸಿದಾಗ ಇನ್ನೊಂದು ಕಡೆ ಡೆಕ್ಸಾ ಮಾಡಿಸಿದೆವು. ಅಲ್ಲಿ ಹಿಪ್ 0.785. ಅಂದರೆ ಶೇ 7ಕ್ಕಿಂತ ಜಾಸ್ತಿ ಇಳಿದಿದೆ. ಸ್ಕ್ಯಾನ್ ಮಾಡಿದವರು ಹಳೇ ಹಾಳೆ ನೋಡಿ "ತುಂಬಾ ಬೇಗ ಸವೆಯುತ್ತಿದೆ" ಅಂದುಬಿಟ್ಟರು. ಅವತ್ತಿನಿಂದ ಅಮ್ಮ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಾರೆ, ರಂಗೋಲಿಗೆ ಬಗ್ಗುವುದನ್ನೂ ಬಿಟ್ಟಿದ್ದಾರೆ. ವರ್ಷಕ್ಕೊಂದು ಇಂಜೆಕ್ಷನ್ ಶುರು ಮಾಡಿಸಿ ಅಂತ ನೆಂಟರು ಬೇರೆ ಹೇಳುತ್ತಿದ್ದಾರೆ. ಆದರೆ ಎರಡನೇ ಹಾಳೆಯಲ್ಲೂ ಟಿ-ಸ್ಕೋರ್ ಮೈನಸ್ 1.3 ಅಂತಲೇ ಇದೆ! ಮೂಳೆ ಅಷ್ಟು ಇಳಿದಿದ್ದರೆ ಸ್ಕೋರ್ ಯಾಕೆ ಇಳಿದಿಲ್ಲ?

ಇನ್ನೊಂದು ವಿಷಯ. ನನ್ನ ತಮ್ಮನ ಜಿಮ್‌ನಲ್ಲಿ ಅಮ್ಮನನ್ನು ಒಂದು ಮೆಷಿನ್ ಮೇಲೆ ನಿಲ್ಲಿಸಿದಾಗ ಕೊಬ್ಬು ಶೇ 33 ಅಂತ ತೋರಿಸಿತು. ಲ್ಯಾಬ್ 39 ಅನ್ನುತ್ತದೆ. ಯಾವುದು ಸರಿ? ಅದೇ ಲ್ಯಾಬ್‌ಗೆ ಮತ್ತೆ ಹೋಗಿ, ಬೇಕಾದರೆ ದುಡ್ಡು ಕೊಟ್ಟು ಮಾಡಿಸಬಹುದಾ? ಪದೇ ಪದೇ ಎಕ್ಸ್‌ರೇ ಆದರೆ ತೊಂದರೆ ಇಲ್ಲವಾ?

ಬೆಳಗಿನ ಫ್ಯಾಂಟಮ್:

ನಾನು ಇಂಥದ್ದೇ ಒಂದು ಲ್ಯಾಬ್‌ನಲ್ಲಿ ಹನ್ನೆರಡು ವರ್ಷದಿಂದ ಡೆಕ್ಸಾ ಮಾಡುತ್ತಿದ್ದೇನೆ. ನಿಮ್ಮ ಅಮ್ಮನಿಗೆ ಇವತ್ತೇ ಹೇಳಿ, ಈ ಎರಡು ಹಾಳೆ ಇಟ್ಟುಕೊಂಡು ಮೂಳೆ ಸವೆದಿದೆ ಅಂತ ಹೇಳಲು ಆಗುವುದೇ ಇಲ್ಲ. ರಂಗೋಲಿ ಹಾಕಲಿ.

ಮೊದಲು ಎರಡೂ ಹಾಳೆಯ ಕೆಳಗೆ ಅಥವಾ ಮೂಲೆಯಲ್ಲಿ ಮೆಷಿನ್ ಹೆಸರು ಹುಡುಕಿ. ಒಂದರಲ್ಲಿ ಲೂನಾರ್, ಇನ್ನೊಂದರಲ್ಲಿ ಹೊಲಾಜಿಕ್ ಅಂತ ಇರಬಹುದು ಅಂತ ನನ್ನ ಅಂದಾಜು. ಡೆಕ್ಸಾ ಅಂದರೆ ಎರಡು ಬೇರೆ ಶಕ್ತಿಯ ಎಕ್ಸ್‌ರೇಯನ್ನು ಮೈಯೊಳಗೆ ಹಾಯಿಸಿ, ಎಷ್ಟು ಆಚೆ ಬಂತು ಅಂತ ನೋಡುವುದು. ಮೂಳೆ ಈ ಎರಡನ್ನೂ ತಡೆಯುವ ರೀತಿ ಬೇರೆ, ಮಾಂಸ ತಡೆಯುವ ರೀತಿ ಬೇರೆ, ಆ ವ್ಯತ್ಯಾಸದಿಂದ ಮೂಳೆಯ ಖನಿಜ ಎಷ್ಟು ಅಂತ ಲೆಕ್ಕ ಹಾಕುತ್ತದೆ. ಆದರೆ ಎರಡು ಶಕ್ತಿಯನ್ನು ಹುಟ್ಟಿಸುವ ಬಗೆ, ಮೂಳೆಯ ಅಂಚು ಎಲ್ಲಿ ಮುಗಿಯಿತು ಅಂತ ಗುರುತಿಸುವ ಬಗೆ, ಇವೆಲ್ಲ ಒಂದೊಂದು ಕಂಪನಿಯದು ಒಂದೊಂದು ಥರ. ಹಾಗಾಗಿ ಒಬ್ಬರನ್ನೇ ಒಂದೇ ದಿನ ಎರಡರಲ್ಲೂ ಮಲಗಿಸಿದರೆ ಲೂನಾರ್ ಸಾಮಾನ್ಯವಾಗಿ ಜಾಸ್ತಿ ಸಂಖ್ಯೆ ಕೊಡುತ್ತದೆ, ಹೊಲಾಜಿಕ್ ಕಮ್ಮಿ. ಟಿ-ಸ್ಕೋರ್ ಒಂದೇ ಬಂದಿರುವುದು ಅದಕ್ಕೇ. ಪ್ರತಿ ಮೆಷಿನ್ ತನ್ನದೇ ಅಳತೆಯಲ್ಲಿ ಬರೆದಿಟ್ಟ ಯೌವನದ ಸರಾಸರಿಗೆ ಹೋಲಿಸಿ ಸ್ಕೋರ್ ಕೊಡುತ್ತದೆ, ಆಗ ಆ ವ್ಯತ್ಯಾಸ ಹೆಚ್ಚುಕಮ್ಮಿ ಕಳೆದುಹೋಗುತ್ತದೆ. ನೀವು ಅದನ್ನು ಗಮನಿಸಿದ್ದು ತುಂಬಾ ಒಳ್ಳೆಯದಾಯಿತು.

ಎರಡನೇ ಮಾತು. ಒಂದೇ ಮೆಷಿನ್ ಆಗಿದ್ದರೂ ಸಂಖ್ಯೆ ಸ್ವಲ್ಪ ಅಲುಗಾಡುತ್ತದೆ. ಕಾಲನ್ನು ಒಳಮುಖವಾಗಿ ಎಷ್ಟು ತಿರುಗಿಸಿ ಕಟ್ಟಿದರು ಅನ್ನುವುದರ ಮೇಲೇ ಹಿಪ್ ಸಂಖ್ಯೆ ಬದಲಾಗುತ್ತದೆ. ಅದಕ್ಕೆ ಒಳ್ಳೆಯ ಲ್ಯಾಬ್ ತನ್ನ ತಪ್ಪನ್ನು ತಾನೇ ಅಳೆದಿಟ್ಟುಕೊಳ್ಳುತ್ತದೆ. 30 ಜನರನ್ನು ಎರಡೆರಡು ಸಲ, ಇಲ್ಲವೇ 15 ಜನರನ್ನು ಮೂರು ಮೂರು ಸಲ ಸ್ಕ್ಯಾನ್ ಮಾಡುತ್ತೇವೆ. ಪ್ರತಿ ಸಲವೂ ಟೇಬಲ್‌ನಿಂದ ಇಳಿಸಿ ಮತ್ತೆ ಮಲಗಿಸಬೇಕು. ಅದರಿಂದ ಬರುವ ತಪ್ಪಿನ ಶೇಕಡಾವನ್ನು 2.77ರಿಂದ ಗುಣಿಸಿದರೆ ಒಂದು ಗಡಿ ಸಿಗುತ್ತದೆ, ಎಲ್‌ಎಸ್‌ಸಿ ಅನ್ನುತ್ತಾರೆ. ಬದಲಾವಣೆ ಆ ಗಡಿ ದಾಟಿದರೆ ಮಾತ್ರ ಅದು ಮೂಳೆಯ ಬದಲಾವಣೆ. ಹಿಪ್‌ಗೆ ಶೇ 1.8ರವರೆಗೆ ತಪ್ಪನ್ನು ಒಪ್ಪುತ್ತಾರೆ, ಅಂದರೆ ಗಡಿ ಶೇ 5. ಬೆನ್ನುಮೂಳೆಗೆ ಶೇ 1.9. ಇದಕ್ಕಿಂತ ಜಾಸ್ತಿ ತಪ್ಪಿದ್ದರೆ ಆ ಟೆಕ್ನಿಷಿಯನ್‌ಗೆ ಮತ್ತೆ ತರಬೇತಿ ಕೊಡಬೇಕು ಅಂತಲೇ ನಿಯಮ.

ಲ್ಯಾಬ್‌ಗೆ ಫೋನ್ ಮಾಡಿ ಇಷ್ಟು ಕೇಳಿ: ಮೆಷಿನ್ ಅದೇ ಇದೆಯಾ, ನಿಮ್ಮ ಹಿಪ್ ಎಲ್‌ಎಸ್‌ಸಿ ಎಷ್ಟು, ದಿನಾ ಫ್ಯಾಂಟಮ್ ಇಡುತ್ತೀರಾ. ಫ್ಯಾಂಟಮ್ ಅಂದರೆ ಬೆನ್ನುಮೂಳೆಯ ಹಾಗೆ ಮಾಡಿರುವ ಒಂದು ಅಚ್ಚು, ಸಾಂದ್ರತೆ ಮೊದಲೇ ಗೊತ್ತಿರುತ್ತದೆ. ಬೆಳಿಗ್ಗೆ ನಾನು ಮೊದಲು ಅದನ್ನು ಸ್ಕ್ಯಾನ್ ಮಾಡಿ, ಸಂಖ್ಯೆ ಸರಿ ಬಂದ ಮೇಲೇ ಮನುಷ್ಯರನ್ನು ಮಲಗಿಸುವುದು. ಸರಿ ಬರದ ದಿನ ದೂರದಿಂದ ಬಂದವರನ್ನೂ ವಾಪಸ್ ಕಳಿಸಿದ್ದೇನೆ, ಬೇಜಾರಾಗುತ್ತದೆ, ಆದರೂ ಬೇರೆ ದಾರಿ ಇಲ್ಲ.

ಎಕ್ಸ್‌ರೇ ಬಗ್ಗೆ ಹೆದರಬೇಡಿ. ಡೆಕ್ಸಾದಲ್ಲಿ ಸಿಗುವುದು ಕೆಲವೇ ಮೈಕ್ರೋಸೀವರ್ಟ್. ನೆಲ, ಆಕಾಶ, ಊಟ, ಉಸಿರು ಎಲ್ಲದರಿಂದ ಲೋಕದ ಸರಾಸರಿ ಮನುಷ್ಯನಿಗೆ ವರ್ಷಕ್ಕೆ 2,400 ಮೈಕ್ರೋಸೀವರ್ಟ್ ಹೇಗೂ ಬರುತ್ತದೆ, ದಿನಕ್ಕೆ ಆರೇಳು. ಹಾಗಂತ ಸುಮ್ನೆ ಸುಮ್ನೆ ಮಾಡಿಸಬಾರದು. ಬಸುರಿ ಇರಬಹುದು ಅನ್ನುವವರಿಗೆ ನಾವು ಮಾಡುವುದೇ ಇಲ್ಲ. ಮೆಷಿನ್‌ಗೆ ಎಇಆರ್‌ಬಿ (ಎಕ್ಸ್‌ರೇ ಮೆಷಿನ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಮಂಡಳಿ) ನೋಂದಣಿ ಇದೆಯಾ ಅಂತಲೂ ಕೇಳಬಹುದು, ಕೇಳಿದರೆ ಯಾರೂ ತಪ್ಪು ತಿಳಿಯಬಾರದು.

ಔಷಧಿ ಬೇಕೋ ಬೇಡವೋ ಅನ್ನುವುದು ಡಾಕ್ಟರ್ ಹೇಳುವ ಮಾತು. ಟಿ-ಸ್ಕೋರ್ ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ಸ್ವಲ್ಪ ಕಮ್ಮಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಇದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ. ಅಮ್ಮನಿಗೆ ಮೊದಲೇ ಮೂಳೆ ಮುರಿದಿತ್ತಾ, ಅಜ್ಜಿಗೆ ಮುರಿದಿತ್ತಾ, ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದಾರಾ, ಇದನ್ನೆಲ್ಲ ಸೇರಿಸಿ ನೋಡುತ್ತಾರೆ.

ಹಾಸನದ ಮಗಳು:

ಅಕ್ಕಾ, ಈಗಷ್ಟೇ ನೋಡಿದೆ. ಮೊದಲ ಹಾಳೆ ಲೂನಾರ್, ಎರಡನೆಯದು ಹೊಲಾಜಿಕ್! ಅಮ್ಮನಿಗೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡರು. ಬಗ್ಗಿ ರಂಗೋಲಿ ಹಾಕಬಹುದು ಅಂದಿದ್ದಕ್ಕೆ ಮುಖ ಅರಳಿತು. ಕೊಬ್ಬಿನ ಲೆಕ್ಕದ ಬಗ್ಗೆಯೂ ಸ್ವಲ್ಪ ಹೇಳುತ್ತೀರಾ?

ಪಣಂಬೂರು ಓಟ:

ಕೊಬ್ಬಿನ ವಿಷಯಕ್ಕೆ ಮೊದಲು ನನ್ನದೊಂದು ಪ್ರಶ್ನೆ ಸೇರಿಸಬಹುದಾ, ಇದೂ ಮೆಷಿನ್ ಜಗಳವೇ. ನಾನು ಮಂಗಳೂರು ಕಡೆಯವನು, ಹಾಫ್ ಮ್ಯಾರಥಾನ್ ಓಡುತ್ತೇನೆ. ಮಂಗಳೂರಿನಲ್ಲಿ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ವಿಓ2 ಮ್ಯಾಕ್ಸ್ (ಮೈ ಅತಿ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸುತ್ತದೆ ಅನ್ನುವ ಅಳತೆ) 52 ಬಂತು. ಎರಡು ತಿಂಗಳು ಬಿಟ್ಟು ಬೆಂಗಳೂರಿನಲ್ಲಿ ಮಾಡಿಸಿದರೆ 49. ಆ ಎರಡು ತಿಂಗಳು ನಾನು ಒಂದು ದಿನವೂ ಬಿಡದೆ ಓಡಿದ್ದೇನೆ. ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಮೇಲೆ ಪ್ರಾಣ ಹೋಗುವಷ್ಟು ಓಡಿ ಕೊನೆಗೆ ಕಮ್ಮಿ ಅಂತ ಕೇಳಿದಾಗ ಕಣ್ಣಲ್ಲಿ ನೀರು ಬಂತು.

ಬೆಳಗಿನ ಫ್ಯಾಂಟಮ್:

ಬೇಜಾರು ಮಾಡಿಕೊಳ್ಳಬೇಡಿ. ಎಲ್ಲವೂ ಸರಿಯಾಗಿದ್ದರೂ ದಿನದಿಂದ ದಿನಕ್ಕೆ ವಿಓ2 ಮ್ಯಾಕ್ಸ್ ಶೇ 5ರ ಸುತ್ತ ಆಚೆ ಈಚೆ ಆಗುತ್ತದೆ. ನಿದ್ದೆ, ಬಿಸಿಲು, ಹಿಂದಿನ ದಿನದ ಓಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 52 ಮತ್ತು 49ರ ನಡುವೆ ಇರುವುದೂ ಹತ್ತಿರ ಹತ್ತಿರ ಅಷ್ಟೇ.

ಅದರ ಮೇಲೆ ಎತ್ತರದ ವಿಷಯ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ 760 ಎಂಎಂ ಹತ್ತಿರ, ಬೆಂಗಳೂರಿನಲ್ಲಿ 685 ಆಸುಪಾಸು. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಶೇ 20.93, ಆದರೆ ಒತ್ತಡ ಕಮ್ಮಿ ಆದ್ದರಿಂದ ಒಂದೊಂದು ಉಸಿರಿನಲ್ಲಿ ಸಿಗುವುದು ಕಮ್ಮಿ. ಚೆನ್ನಾಗಿ ಪಳಗಿದ ಓಟಗಾರರಿಗೆ ಇಷ್ಟು ಎತ್ತರದಲ್ಲೇ ಸ್ವಲ್ಪ ಇಳಿಯುವುದು ಗೊತ್ತಿರುವ ವಿಷಯ.

ಲ್ಯಾಬ್ ಕಡೆಯಿಂದಲೂ ಇಲ್ಲಿ ತಪ್ಪಾಗಬಹುದು. ಕಂಪ್ಯೂಟರಿಗೆ ಅವತ್ತಿನ ಒತ್ತಡ ಕೊಡಬೇಕು. ಮೆಷಿನ್ ತಾನೇ ಅಳೆಯದೆ, ಯಾರಾದರೂ 760 ಅಂತಲೇ ಬಿಟ್ಟಿದ್ದರೆ ಬೆಂಗಳೂರಿನಲ್ಲಿ ಶೇ 11ರಷ್ಟು ಜಾಸ್ತಿ ತೋರಿಸುತ್ತದೆ. ಅದಕ್ಕೆ ನಾನು ಗೋಡೆಯ ಬ್ಯಾರೋಮೀಟರ್ ನೋಡಿ ಕೈಯಲ್ಲಿ ಬರೆದುಕೊಳ್ಳುತ್ತೇನೆ. ಪ್ರತಿ ಟೆಸ್ಟಿಗೆ ಮೊದಲು 3 ಲೀಟರಿನ ದೊಡ್ಡ ಸಿರಿಂಜಿನಿಂದ ಗಾಳಿ ಊದಿ ಮೀಟರ್ 3 ಲೀಟರ್ ಅನ್ನುತ್ತದಾ ನೋಡಬೇಕು, ಸಿಲಿಂಡರಿನ ಗೊತ್ತಿರುವ ಗ್ಯಾಸ್ ಬಿಟ್ಟು ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎರಡನ್ನೂ ಸರಿ ಹೊಂದಿಸಬೇಕು. ಗಡ್ಡ ಇದ್ದವರಿಗೆ ಮಾಸ್ಕ್ ಅಂಚಿನಲ್ಲಿ ಗಾಳಿ ಸೋರುತ್ತದೆ, ಅದೂ ನೋಡಬೇಕು. ಮುಂದಿನ ಸಲ ರಿಪೋರ್ಟಿನಲ್ಲಿ ಆರ್‌ಇಆರ್ ಅನ್ನುವ ಸಂಖ್ಯೆ ಕೇಳಿ, ಅಂದರೆ ಬಿಡುವ ಇಂಗಾಲದ ಡೈಆಕ್ಸೈಡನ್ನು ಬಳಸುವ ಆಮ್ಲಜನಕದಿಂದ ಭಾಗಿಸಿದ್ದು. ಕೊನೆಗೆ ಅದು 1.1 ದಾಟಿದ್ದರೆ ನೀವು ನಿಮ್ಮ ಶಕ್ತಿ ಪೂರ್ತಿ ಹಾಕಿದ್ದೀರಿ ಅಂತ ಹೇಳಬಹುದು. ದಾಟಿಲ್ಲದಿದ್ದರೆ ಆ 49 ನಿಮ್ಮ ಗರಿಷ್ಠವೇ ಅಲ್ಲದಿರಬಹುದು.

ಪಣಂಬೂರು ಓಟ:

ಹುಡುಕಿ ನೋಡಿದೆ ಮೇಡಂ. ಮಂಗಳೂರಿನಲ್ಲಿ 1.14, ಬೆಂಗಳೂರಿನಲ್ಲಿ 1.05. ಅವತ್ತು ಬೆಳಿಗ್ಗೆ ಬಸ್ಸಿನಿಂದ ಇಳಿದು ನೇರ ಲ್ಯಾಬ್‌ಗೆ ಹೋಗಿದ್ದೆ. ಮನಸ್ಸು ಹಗುರಾಯಿತು.

ಬೆಳಗಿನ ಫ್ಯಾಂಟಮ್:

ಈಗ ಕೊಬ್ಬಿನ ಮಾತು. ಇದು ನನಗೆ ತುಂಬಾ ಹತ್ತಿರದ ವಿಷಯ, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಬದುಕಿರುವ ಮನುಷ್ಯನ ಕೊಬ್ಬನ್ನು ಯಾರೂ ನೇರವಾಗಿ ತೂಗಲು ಆಗಲ್ಲ. ಎಲ್ಲರೂ ಬೇರೆ ಏನನ್ನೋ ಅಳೆದು ಕೊಬ್ಬನ್ನು ಊಹಿಸುತ್ತಾರೆ. ಜಿಮ್ ಮೆಷಿನ್ ಅಂಗಾಲಿನಿಂದ ಸಣ್ಣ ಕರೆಂಟ್ ಬಿಟ್ಟು ಮೈ ಎಷ್ಟು ತಡೆಯುತ್ತದೆ ನೋಡುತ್ತದೆ. ಅದು ನಿಜವಾಗಿ ಅಳೆಯುವುದು ನೀರನ್ನು. ಎರಡು ಚೊಂಬು ನೀರು ಕುಡಿದರೆ, ಊಟ ಮಾಡಿದರೆ, ಬೆವರಿದರೆ ಸಂಖ್ಯೆ ಬೇರೆ. ಬಾಡ್ ಪಾಡ್ ಅಂತ ಮೊಟ್ಟೆಯಂಥ ಡಬ್ಬಿ ಇದೆ, ಒಳಗೆ ಕೂರಿಸಿ ಮೈ ಎಷ್ಟು ಗಾಳಿಯ ಜಾಗ ತಿನ್ನುತ್ತದೆ ಅಂತ ನೋಡಿ ಸಾಂದ್ರತೆ ತೆಗೆಯುತ್ತಾರೆ. ಆಮೇಲೆ 495 ಭಾಗಿಸು ಸಾಂದ್ರತೆ, ಅದರಲ್ಲಿ 450 ಕಳೆ, ಸಿರಿ 1961ರಲ್ಲಿ ಕೊಟ್ಟ ಲೆಕ್ಕ, ಇವತ್ತಿಗೂ ಅದೇ ನಡೆಯುತ್ತಿದೆ. ಚರ್ಮ ಚಿವುಟಿ ಕ್ಯಾಲಿಪರಿನಲ್ಲಿ ಅಳೆಯುವವರು ಜಾಸ್ತಿ ಬಳಸುವುದು ಡರ್ನಿನ್ ಮತ್ತು ವೊಮರ್ಸ್ಲಿ 1974ರಲ್ಲಿ ಮಾಡಿದ ಸಮೀಕರಣ. ಅದಕ್ಕೆ ಅಳತೆ ಕೊಟ್ಟವರು 481 ಜನ, ಗ್ಲಾಸ್ಗೋ ಕಡೆಯವರು. ಆ ಸ್ಕಾಟ್ಲೆಂಡಿನವರ ಮೈಕಟ್ಟು ನಮ್ಮ ಹಾಸನದ ಅಮ್ಮನ ಮೈಕಟ್ಟಲ್ಲ, ಅಲ್ವಾ?

ನಮ್ಮವರ ಮೈ ನೋಡಲು ತೆಳ್ಳಗೆ, ಒಳಗೆ ಕೊಬ್ಬು ಜಾಸ್ತಿ. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾಕ್ಟರ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಡೆಕ್ಸಾದಲ್ಲಿ ಯಡ್ಕಿನ್ ಅವರ ಕೊಬ್ಬು ಶೇ 9.1, ಯಾಜ್ಞಿಕ್ ಅವರದು ಶೇ 21.2. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಮೇಡಂ ಈ ಫೋಟೋ ತೋರಿಸಿ "ತೂಕದ ಮಾಪಕವನ್ನು ಮಾತ್ರ ನಂಬಬೇಡ" ಅಂದಿದ್ದರು.

ನಮ್ಮ ಮೈಸೂರಿಗೂ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ದಾಖಲೆಗಳು ಇದ್ದವು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ, ಸಕ್ಕರೆ ಕಾಯಿಲೆ, ಹೃದಯ ಎಲ್ಲ ನೋಡಿದರು. ಆಮೇಲೆ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರಿಂದ ಶುರು ಮಾಡಿ ಅವರ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತಾ ಬಂದರು. ಯಾರೋ ನರ್ಸಮ್ಮ ತಕ್ಕಡಿಯಲ್ಲಿ ಮಗು ಇಟ್ಟು ನೀಟಾಗಿ ಬರೆದಿಟ್ಟಿದ್ದರಿಂದ ಅರವತ್ತು ವರ್ಷದ ನಂತರ ಅದು ವಿಜ್ಞಾನದ ಉಪಯೋಗಕ್ಕೆ ಬಂತು. ಈ ಕೆಲಸದ ಮೇಲೆ ನನಗೆ ಗೌರವ ಹುಟ್ಟಿದ್ದೇ ಅಲ್ಲಿಂದ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಇನ್ನೊಂದು ಚಂದದ ವಿಧಾನ ಇದೆ, ಪೊಟ್ಯಾಸಿಯಂ ಎಣಿಸುವುದು. ನಮ್ಮೆಲ್ಲರ ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ಶೇ 0.0117ರಷ್ಟು ತಾನಾಗೇ ವಿಕಿರಣ ಬಿಡುವ ಜಾತಿ. ಪೊಟ್ಯಾಸಿಯಂ ಇರುವುದು ಹೆಚ್ಚಾಗಿ ಜೀವಕೋಶದ ಒಳಗೆ, ಕೊಬ್ಬಿನಲ್ಲಿ ತೀರಾ ಕಮ್ಮಿ. ಹೊರಗಿನ ವಿಕಿರಣ ಬರದಂತೆ ತಡೆ ಕಟ್ಟಿ, ಮನುಷ್ಯನನ್ನು ಸುಮ್ಮನೆ ಇರಿಸಿ, ಮೈಯಿಂದ ಬರುವ ಗಾಮಾ ಕಿರಣ ಎಣಿಸಿದರೆ ಜೀವಕೋಶದ ತೂಕ ಗೊತ್ತಾಗುತ್ತದೆ. ಮೈಗೆ ಹೊರಗಿನಿಂದ ಏನನ್ನೂ ಹಾಯಿಸುವುದೇ ಇಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: 39 ಮತ್ತು 33ರಲ್ಲಿ ನಾನು ಡೆಕ್ಸಾದ 39ನ್ನೇ ನಂಬುತ್ತೇನೆ. ಆದರೆ ಅದಕ್ಕಿಂತ ಮುಖ್ಯ, ಮುಂದೆ ಹೋಲಿಸುವಾಗ ಡೆಕ್ಸಾಗೆ ಡೆಕ್ಸಾ, ಜಿಮ್‌ಗೆ ಜಿಮ್. ಅಡ್ಡಡ್ಡ ಹೋಲಿಸಬೇಡಿ.

ತುಮಕೂರಿನಿಂದ:

ನಿಮಗೆ ಹಾಳೆಯಾದರೂ ಸಿಕ್ಕಿತು. ಮೂರು ವರ್ಷದ ಹಿಂದೆ ನಮ್ಮ ತಂದೆ ಒಂದು ಕಾಲೇಜಿನ ಲ್ಯಾಬ್‌ಗೆ ಎರಡು ದಿನ ಹೋಗಿ ರಕ್ತ ಕೊಟ್ಟರು, ಸೈಕಲ್ ತುಳಿದರು, ಹೊಟ್ಟೆಯ ಎಂಆರ್‌ಐಗೆ ನಲವತ್ತು ನಿಮಿಷ ಅಲ್ಲಾಡದೆ ಮಲಗಿದ್ದರು. ಇವತ್ತಿನವರೆಗೆ ಒಂದು ಕಾಗದ ಬಂದಿಲ್ಲ. ಕೊಟ್ಟ ನಂಬರಿಗೆ ಮಾಡಿದರೆ ಆ ಹುಡುಗಿ ಓದು ಮುಗಿಸಿ ಹೋದಳು ಅನ್ನುತ್ತಾರೆ. ತಂದೆ ಒಂದು ಮಾತು ಕೇಳುತ್ತಾರೆ, "ನನ್ನ ಹೊಟ್ಟೆ ಒಳಗೆ ಏನಿತ್ತು ಅಂತ ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ, ಇದು ಸರಿಯಾ?" ಉತ್ತರ ನನ್ನ ಹತ್ತಿರ ಇಲ್ಲ. ಅಳತೆ ತಗೊಂಡ ಮೇಲೆ ಎಲ್ಲ ರಿಪೋರ್ಟ್ ಕೊಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಮ್ಯಾಂಚೆಸ್ಟರ್ ಕನ್ನಡಿಗ:

ತಂದೆಯವರ ಪ್ರಶ್ನೆ ಸರಿಯಾಗಿಯೇ ಇದೆ. ಇಲ್ಲಿನ ಅನುಭವ ಹೇಳುತ್ತೇನೆ. ಯುಕೆ ಬಯೋಬ್ಯಾಂಕ್ ಅಂತ ಇಲ್ಲಿ ಜನರ ಆರೋಗ್ಯದ ಒಂದು ದೊಡ್ಡ ಅಧ್ಯಯನ ಇದೆ, ಅದಕ್ಕೆ ನಾನೂ ಅಳತೆ ಕೊಟ್ಟವನು. 2006ರಿಂದ 2010ರ ನಡುವೆ 40ರಿಂದ 69 ವಯಸ್ಸಿನ 5 ಲಕ್ಷ ಜನರನ್ನು ಸೇರಿಸಿಕೊಂಡರು. 2014ರಿಂದ ಅವರಲ್ಲಿ 1 ಲಕ್ಷ ಜನರ ಮೆದುಳು, ಹೃದಯ, ಹೊಟ್ಟೆ ಎಂಆರ್‌ಐ, ಡೆಕ್ಸಾ, ಕತ್ತಿನ ರಕ್ತನಾಳದ ಅಲ್ಟ್ರಾಸೌಂಡ್ ಮಾಡಲು ಹೊರಟರು. ನಾನು ಚೀಡಲ್‌ನ ಕೇಂದ್ರದಲ್ಲಿ ಅರ್ಧ ದಿನ ಇದ್ದೆ.

ಒಪ್ಪಿಗೆ ಪತ್ರದಲ್ಲೇ ಮೊದಲೇ ಹೇಳಿದ್ದರು: ಇದು ಆರೋಗ್ಯ ತಪಾಸಣೆ ಅಲ್ಲ, ನಿಮ್ಮ ಫಲಿತಾಂಶ ಕೊಡುವುದಿಲ್ಲ. ಸ್ಕ್ಯಾನ್ ಮಾಡುವವರ ಕಣ್ಣಿಗೆ ಗಂಭೀರ ಅನ್ನಿಸುವಂಥದ್ದು ಏನಾದರೂ ಬಿದ್ದರೆ ಮಾತ್ರ ರೇಡಿಯಾಲಜಿಸ್ಟ್ ನೋಡಿ, ನನಗೂ ನನ್ನ ಡಾಕ್ಟರಿಗೂ ಪತ್ರ ಬರುತ್ತದೆ. ಎಲ್ಲ ಸ್ಕ್ಯಾನನ್ನೂ ರೇಡಿಯಾಲಜಿಸ್ಟ್ ಕೂತು ನೋಡುವುದಿಲ್ಲ. ಮೊದಲು ಕೇಳಿದಾಗ ನನಗೂ ಕಸಿವಿಸಿ ಆಯಿತು. ಆದರೆ ಬರೆದು ಹೇಳಿದ್ದರು, ನಾನು ಓದಿ ಸಹಿ ಹಾಕಿದ್ದೆ. ತುಮಕೂರಿನ ತಂದೆಗೆ ಹಾಗೆ ಯಾರೂ ಕೂರಿಸಿ ಹೇಳಲಿಲ್ಲ ಅನ್ನಿಸುತ್ತದೆ, ನೋವಿರುವುದು ಅಲ್ಲಿ.

ಶಿವಮೊಗ್ಗ ಪಿಎಚ್‌ಡಿ:

ತುಮಕೂರಿನ ಅಣ್ಣ, ಸಂಶೋಧನೆ ಮಾಡುವವಳಾಗಿ ನನಗೆ ಇದನ್ನು ಓದಿ ತುಂಬಾ ಸಂಕಟವಾಯಿತು. ಸಹಿ ಹಾಕಿದ ಒಪ್ಪಿಗೆ ಪತ್ರದ ಜೊತೆ ಒಂದು ಮಾಹಿತಿ ಹಾಳೆ ಇರುತ್ತದೆ, ಅದರ ಪ್ರತಿ ತಂದೆಯವರ ಹತ್ತಿರ ಇರಬೇಕು. ಸಂಶೋಧಕರ ನಂಬರ್ ಅಲ್ಲದೆ ಎಥಿಕ್ಸ್ ಕಮಿಟಿಯವರ (ಸಂಶೋಧನೆಯಲ್ಲಿ ಜನರಿಗೆ ಅನ್ಯಾಯ ಆಗದಂತೆ ನೋಡುವವರು) ವಿಳಾಸವೂ ಅದರಲ್ಲಿ ಇರುತ್ತದೆ. ಆ ಹುಡುಗಿ ಹೋಗಿರಬಹುದು, ಕಮಿಟಿ ಎಲ್ಲಿಗೂ ಹೋಗಲ್ಲ. ಅವರಿಗೆ ಕನ್ನಡದಲ್ಲೇ ಒಂದು ಪತ್ರ ಬರೆಯಿರಿ, ದಿನಾಂಕ ಹಾಕಿ, ಹೊಟ್ಟೆಯ ಸ್ಕ್ಯಾನಿನಲ್ಲಿ ತಿಳಿಸಬೇಕಾದ್ದು ಏನಾದರೂ ಇತ್ತಾ ಅಂತ ನೇರವಾಗಿ ಕೇಳಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಇಂಥ ಆಕಸ್ಮಿಕ ಪತ್ತೆಗಳ ಬಗ್ಗೆಯೂ ಹೇಳಿದ್ದಾರೆ. ಪತ್ರ ಬರೆಯಲು ಸಹಾಯ ಬೇಕಾದರೆ ನಾನು ಮಾಡುತ್ತೇನೆ.

ಎಲ್ಲ ರಿಪೋರ್ಟ್ ಕೊಡಬೇಕು ಅನ್ನುವುದಕ್ಕೆ ಮಾತ್ರ ನಾನು ಪೂರ್ತಿ ಒಪ್ಪಲಾರೆ. ಸಂಶೋಧನೆಗೆ ತೆಗೆದ ಎಂಆರ್‌ಐ ಎಷ್ಟೋ ಸಲ ಕಾಯಿಲೆ ಹುಡುಕಲು ತೆಗೆದದ್ದೇ ಅಲ್ಲ, ಲಿವರಿನಲ್ಲಿ ಕೊಬ್ಬು ಎಷ್ಟು ಅಂತ ಅಳೆಯಲು ಮಾತ್ರ. ಅದರಲ್ಲಿ "ಏನೂ ಇಲ್ಲ" ಅಂತ ಬರೆದುಕೊಟ್ಟರೆ ಜನ ಧೈರ್ಯವಾಗಿ ಡಾಕ್ಟರ್ ಹತ್ತಿರ ಹೋಗುವುದನ್ನೇ ಬಿಟ್ಟುಬಿಡಬಹುದು. ಇನ್ನೊಂದು ಕಡೆ, ಯಾವ ತೊಂದರೆಯೂ ಇಲ್ಲದವರ ಮೆದುಳಿನ ಎಂಆರ್‌ಐ ಮಾಡಿದರೂ ನೂರರಲ್ಲಿ ಸುಮಾರು 2.7 ಜನರಲ್ಲಿ ಏನಾದರೊಂದು ಕಾಣುತ್ತದೆ ಅಂತ 2009ರಲ್ಲಿ ಹಲವು ಅಧ್ಯಯನ ಸೇರಿಸಿ ಲೆಕ್ಕ ಹಾಕಿದ್ದರು. ಅದರಲ್ಲಿ ಎಷ್ಟೋ ಏನೂ ಮಾಡದಂಥವು, ಆದರೆ ಕೇಳಿದವರ ನಿದ್ದೆ ಹೋಗುತ್ತದೆ.

ತುಮಕೂರಿನಿಂದ:

ಮಾಹಿತಿ ಹಾಳೆ ಸಿಕ್ಕಿತು ತಂಗಿ, ಅಪ್ಪ ಎಲ್‌ಐಸಿ ಬಾಂಡಿನ ಜೊತೆ ಇಟ್ಟಿದ್ದರು. ಕಮಿಟಿಯ ವಿಳಾಸ ಇದೆ. ನಾಳೆ ಬರೆಯುತ್ತೇನೆ. ಎಲ್ಲ ರಿಪೋರ್ಟ್ ಬೇಡ, ಸರಿ. ಆದರೆ "ಬಂದಿದ್ದಕ್ಕೆ ಧನ್ಯವಾದ, ತಿಳಿಸುವಂಥದ್ದು ಏನೂ ಕಾಣಲಿಲ್ಲ" ಅಂತ ಒಂದು ಸಾಲು ಬರೆದಿದ್ದರೂ ಅಪ್ಪ ಮೂರು ವರ್ಷ ಕಾಯುತ್ತಿರಲಿಲ್ಲ.

ಬೆಳಗಿನ ಫ್ಯಾಂಟಮ್:

ನಿಮ್ಮ ಕಡೆಗೇ ನನ್ನ ಮತ. ಡೆಕ್ಸಾ ಹಾಳೆ, ಬಿಪಿ, ಎತ್ತರ ತೂಕ, ಇವನ್ನು ಎಲ್ಲರಿಗೂ ಕೊಡಬೇಕು, ಕೊಡಲು ಕಷ್ಟವೂ ಇಲ್ಲ. ಎಂಆರ್‌ಐ ಆದರೆ ಯಾರು ನೋಡುತ್ತಾರೆ, ಏನಾದರೂ ಕಂಡರೆ ಯಾರು ಎಷ್ಟು ದಿನದಲ್ಲಿ ಹೇಳುತ್ತಾರೆ ಅಂತ ಮೊದಲೇ ಬರೆದಿಡದಿದ್ದರೆ ಮಲಗಿಸಲೇಬಾರದು.

ಕೋಲಾರ ಮಾವು:

ನಾನು ಶ್ರೀನಿವಾಸಪುರದ ಹತ್ತಿರದವನು. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಮೆದುಳು ವಯಸ್ಸಾದಂತೆ ಹೇಗೆ ಬದಲಾಗುತ್ತದೆ ಅಂತ 2018ರಿಂದ ದೊಡ್ಡ ಅಧ್ಯಯನ ನಡೆಯುತ್ತಿದೆ, ಬೆಂಗಳೂರಿನ ಐಐಎಸ್‌ಸಿ ಕ್ಯಾಂಪಸ್ಸಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರದು. 10,000 ಜನರನ್ನು ಸೇರಿಸುವ ಗುರಿ. ಮಾವಿನ ತೋಪಿನ ಹಳ್ಳಿಯವರ ಮೆದುಳಿಗೂ ವಿಜ್ಞಾನದಲ್ಲಿ ಜಾಗ ಸಿಗುತ್ತಿದೆ ಅನ್ನುವುದು ನನಗೆ ಹೆಮ್ಮೆ. ನಮ್ಮ ದೊಡ್ಡಮ್ಮನಿಗೂ ಎಂಆರ್‌ಐ ಇರುತ್ತದೆ ಅಂತ ಹೇಳಿದ್ದಾರೆ. ಅವರಿಗೆ ಒಂದೇ ಚಿಂತೆ, ತಾಳಿ ತೆಗೆಯಬೇಕಾ ಅಂತ. ದೊಡ್ಡಪ್ಪ ಇದ್ದಾರೆ, ತೆಗೆಯಲು ಮನಸ್ಸು ಒಪ್ಪುತ್ತಿಲ್ಲ. ಕೈ ಮೇಲೆ ಹಳೇ ಕಾಲದ ಹಚ್ಚೆಯೂ ಇದೆ.

ಬೆಳಗಿನ ಫ್ಯಾಂಟಮ್:

ದೊಡ್ಡಮ್ಮನ ಚಿಂತೆ ನನಗೆ ಚೆನ್ನಾಗಿ ಗೊತ್ತು, ವಾರಕ್ಕೆ ಇಬ್ಬರಾದರೂ ಇದನ್ನೇ ಕೇಳುತ್ತಾರೆ. ಎಂಆರ್‌ಐ ಅಯಸ್ಕಾಂತ ಯಾವಾಗಲೂ ಆನ್ ಇರುತ್ತದೆ, ಸ್ಕ್ಯಾನ್ ನಡೆಯದಿದ್ದಾಗಲೂ. ಅದಕ್ಕೆ ಮೈ ಮೇಲಿನ ಲೋಹ ಎಲ್ಲ ಆಚೆಯೇ ಬಿಡಿಸುತ್ತಾರೆ. ಮನೆಯಲ್ಲೇ ಸಮಾಧಾನವಾಗಿ ತೆಗೆದು, ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಹಾಕಿಕೊಂಡು ಬರಲಿ. ಅದರಲ್ಲಿ ಲೋಹ ಇಲ್ಲ, ಕತ್ತೂ ಬರಿದಾಗಲ್ಲ. ಕಾಲುಂಗುರ, ಮೂಗುತಿ, ಹೇರ್‌ಪಿನ್, ಸೀರೆಗೆ ಹಾಕುವ ಸೇಫ್ಟಿ ಪಿನ್, ಉಡಿದಾರದ ತಾಯಿತ, ಇವನ್ನು ಮರೆಯುತ್ತಾರೆ. ಮೂಗುತಿ ವರ್ಷಗಟ್ಟಲೆ ಬಿಚ್ಚದೆ ಬಿಗಿದಿರುತ್ತದೆ, ಎರಡು ದಿನ ಮೊದಲೇ ಅಕ್ಕಸಾಲಿಗರ ಹತ್ತಿರ ಬಿಚ್ಚಿಸಿಕೊಂಡರೆ ಒಳ್ಳೆಯದು. ಕಾಡಿಗೆ ಹಚ್ಚಬೇಡಿ, ಕೆಲವದರಲ್ಲಿ ಕಬ್ಬಿಣದ ಅಂಶ ಇರುತ್ತದೆ. ಹಚ್ಚೆ ಇದೆ ಅಂತ ಮೊದಲೇ ಹೇಳಿ, ಬಿಸಿ ಅನ್ನಿಸಿದರೆ ಕೈಲಿರುವ ಬಲ್ಬ್ ಒತ್ತಲಿ. ಪೇಸ್‌ಮೇಕರ್, ತಲೆಗೆ ಹಾಕಿದ ಕ್ಲಿಪ್, ಕಣ್ಣಿಗೆ ಯಾವತ್ತಾದರೂ ಕಬ್ಬಿಣದ ಚೂರು ಹಾರಿತ್ತಾ, ಇದನ್ನು ಮರೆಯದೆ ತಿಳಿಸಬೇಕು. ಒಳಗೆ ಸದ್ದು ಜೋರು, ಕಿವಿಗೆ ಮುಚ್ಚಳ ಕೊಡುತ್ತಾರೆ. ಎಕ್ಸ್‌ರೇ ಇಲ್ಲ.

ಶಿವಮೊಗ್ಗ ಪಿಎಚ್‌ಡಿ:

ಅಕ್ಕಾ, ನನ್ನದೂ ಒಂದು. ಮೂರು ತಿಂಗಳು ಯೋಗ ಮಾಡಿದರೆ ಮಾಂಸಖಂಡ ಹೆಚ್ಚುತ್ತದಾ ಅಂತ 40 ಹೆಂಗಸರ ಮೇಲೆ ನೋಡಬೇಕು. ನಮ್ಮಲ್ಲಿ ಡೆಕ್ಸಾ ಇಲ್ಲ. ನಿಮ್ಮಂಥ ಲ್ಯಾಬ್ ಹೊರಗಿನವರಿಗೆ ಮಾಡಿಕೊಡುತ್ತದಾ?

ಬೆಳಗಿನ ಫ್ಯಾಂಟಮ್:

ಎಷ್ಟೋ ವಿಶ್ವವಿದ್ಯಾಲಯಗಳು ಮಾಡಿಕೊಡುತ್ತವೆ, ಒಂದು ಸ್ಕ್ಯಾನಿಗೆ ಇಷ್ಟು ಅಂತ ದರ ಇರುತ್ತದೆ. ಆದರೆ ಆ ದುಡ್ಡನ್ನು ನಿಮ್ಮ ಗ್ರಾಂಟಿನಿಂದ ಕೊಡಬೇಕು, ಬಂದ ಹೆಂಗಸರ ಹತ್ತಿರ ತಗೊಳ್ಳಬಾರದು. ನನ್ನ ಒಂದೇ ಕೋರಿಕೆ, ಪ್ರಪೋಸಲ್ ಬರೆಯುವ ಮೊದಲು ಬನ್ನಿ. ಎಲ್ಲರೂ ಎಥಿಕ್ಸ್ ಒಪ್ಪಿಗೆ ಸಿಕ್ಕ ಮೇಲೆ ಬರುತ್ತಾರೆ, ಆಗ ನಾನು ಏನೂ ಮಾಡಲು ಆಗಲ್ಲ.

ಯಾಕೆ ಅಂದರೆ, ಮಾಂಸಖಂಡದ ಲೆಕ್ಕಕ್ಕೆ ಶೇ 2ರವರೆಗೆ ತಪ್ಪನ್ನು ಒಪ್ಪುತ್ತಾರೆ, ಅಂದರೆ ಒಬ್ಬರಲ್ಲಿ ಶೇ 5.5ಕ್ಕಿಂತ ಕಮ್ಮಿ ಬದಲಾವಣೆ ಆದರೆ ನಿಜವೋ ಅಲ್ಲವೋ ಹೇಳಲಾಗಲ್ಲ. ಮೂರು ತಿಂಗಳ ಯೋಗದಿಂದ ಅಷ್ಟು ಆಗುತ್ತದಾ? ಗುಂಪಿನ ಸರಾಸರಿಯಲ್ಲಿ ಸಣ್ಣದೂ ಕಾಣಬಹುದು, ಆದರೆ 40 ಸಾಕಾ ಅಂತ ಲೆಕ್ಕ ಹಾಕಬೇಕು, ಯೋಗ ಮಾಡದ ಗುಂಪು ಒಂದು ಬೇಕೇ ಬೇಕು. ನಾನಾಗಿದ್ದರೆ ಕೈ ಹಿಡಿತ, ಕುರ್ಚಿಯಿಂದ ಐದು ಸಲ ಏಳುವ ಹೊತ್ತು, ಇವನ್ನೂ ಸೇರಿಸುತ್ತಿದ್ದೆ. ಖರ್ಚಿಲ್ಲ, ಅವರ ದಿನದ ಬದುಕಿಗೂ ಹತ್ತಿರ.

ಇನ್ನು ಶಿವಮೊಗ್ಗದಿಂದ 40 ಜನರನ್ನು ಎರಡೆರಡು ಸಲ ಕರೆತರುವುದು ಹುಡುಗಾಟ ಅಲ್ಲ. ಡೆಕ್ಸಾ ಮಾಂಸಖಂಡ ಅಂತ ತೋರಿಸುವುದರಲ್ಲಿ ನೀರೂ ಸೇರಿದೆ, ಊಟವೂ ಸೇರಿದೆ. ಹಾಗಾಗಿ ಎರಡೂ ಸಲ ಖಾಲಿ ಹೊಟ್ಟೆ, ಅದೇ ಹೊತ್ತು, ಅದೇ ಥರದ ಬಟ್ಟೆ, ಸಾಧ್ಯವಾದರೆ ಅದೇ ಟೆಕ್ನಿಷಿಯನ್. ಹಿಂದಿನ ರಾತ್ರಿಯೇ ಬಂದು ಉಳಿಯಲು ವ್ಯವಸ್ಥೆ ಮಾಡಿ, ಸ್ಕ್ಯಾನ್ ಮುಗಿದ ಕೂಡಲೇ ತಿಂಡಿ ಕೊಡಿ, ಜೊತೆಗೆ ಬಂದವರಿಗೂ ಕೊಡಿ.

ಹಾಸನದ ಮಗಳು:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಲ್ಯಾಬ್‌ಗೆ ಫೋನ್ ಮಾಡಿದೆ. ಮೆಷಿನ್ ಅದೇ ಇದೆ, ಎಲ್‌ಎಸ್‌ಸಿ ಎಷ್ಟು ಅಂತ ಕೇಳಿದ ತಕ್ಷಣ ಆ ಕಡೆಯ ಹುಡುಗ ಖುಷಿಯಾಗಿ "ಹಿಪ್‌ಗೆ 3.3 ಮೇಡಂ" ಅಂದ. ನಮ್ಮ ಡಾಕ್ಟರ್ ಚೀಟಿ ಬರೆದುಕೊಟ್ಟರು, ಮೊನ್ನೆ ಗುರುವಾರ ಹೋಗಿ ಬಂದೆವು. 0.838. ಅಂದರೆ ಒಂದೂವರೆ ವರ್ಷದಲ್ಲಿ ಶೇ 1ಕ್ಕಿಂತ ಕಮ್ಮಿ ಇಳಿದಿದೆ, ಅವರ ಗಡಿಯ ಒಳಗೇ ಇದೆ. ಡಾಕ್ಟರ್ ಮೂರೂ ಹಾಳೆ ನೋಡಿದರು. ಸದ್ಯ ಇಂಜೆಕ್ಷನ್ ಬೇಡ, ವಿಟಮಿನ್ ಡಿ ಒಮ್ಮೆ ನೋಡೋಣ, ನಡಿಗೆ ಬಿಡಬೇಡಿ, ಎರಡು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಅಂದರು.

ಇನ್ನೊಂದು ಗೊತ್ತಾಯಿತು. ಮೊದಲ ಸಲ ಅಮ್ಮನ ಚಿನ್ನದ ಬಳೆ ಬಿಚ್ಚಲು ಬಂದಿರಲಿಲ್ಲವಂತೆ, ಹಾಗೇ ಸ್ಕ್ಯಾನ್ ಮಾಡಿದ್ದರು. ಈ ಸಲ ಸೋಪು ಹಚ್ಚಿ ಬಿಚ್ಚಿಸಿದರು. ಇದರಿಂದ ಲೆಕ್ಕ ತಪ್ಪುತ್ತದಾ ಅಕ್ಕಾ?

ಬೆಳಗಿನ ಫ್ಯಾಂಟಮ್:

ತುಂಬಾ ಸಂತೋಷ! ಹಿಪ್ ಸ್ಕ್ಯಾನಿಗೆ ಬಳೆಯಿಂದ ತೊಂದರೆ ಇಲ್ಲ, ಕೈ ದೂರ ಇರುತ್ತದೆ. ಇಡೀ ಮೈ ಸ್ಕ್ಯಾನಿನಲ್ಲಿ ಮಾತ್ರ ಬಳೆಯನ್ನೂ ಮೂಳೆ ಅಂತ ಲೆಕ್ಕ ಹಾಕಿರುತ್ತದೆ, ಹಾಗಾಗಿ ಹಳೇ ಹಾಳೆಯ ಕೈಯ ಸಂಖ್ಯೆಗಳನ್ನು ಹೊಸದಕ್ಕೆ ಹೋಲಿಸಬೇಡಿ. ಇನ್ನೊಂದು, ಸ್ಕ್ಯಾನ್ ದಿನ ಬೆಳಿಗ್ಗೆ ಕ್ಯಾಲ್ಸಿಯಂ ಮಾತ್ರೆ ನುಂಗುವುದು ಬೇಡ, ಕರಗದೆ ಹೊಟ್ಟೆಯಲ್ಲಿದ್ದರೆ ಬೆನ್ನುಮೂಳೆಯ ಮೇಲೆ ಬಿದ್ದು ಜಾಸ್ತಿ ತೋರಿಸಬಹುದು.

ಎರಡು ವರ್ಷದಲ್ಲಿ ಅವರು ಮೆಷಿನ್ ಬದಲಾಯಿಸಿದರೂ ಬದಲಾಯಿಸಬಹುದು, ಲ್ಯಾಬ್‌ಗಳಲ್ಲಿ ಅದು ಆಗುತ್ತಿರುತ್ತದೆ. ಹಾಗಾದರೆ ಕ್ರಾಸ್ ಕ್ಯಾಲಿಬ್ರೇಶನ್ ಮಾಡಿದ್ದೀರಾ ಅಂತ ಕೇಳಿ. 30 ಜನರನ್ನು ಹಳೇ ಮೆಷಿನ್‌ನಲ್ಲಿ ಒಂದು ಸಲ, ಹೊಸದರಲ್ಲಿ ಎರಡು ಸಲ, 60 ದಿನದ ಒಳಗೆ ಸ್ಕ್ಯಾನ್ ಮಾಡಿರಬೇಕು. ಮಾಡಿದ್ದರೆ ಹಳೇ 0.838 ಹೊಸದರಲ್ಲಿ ಎಷ್ಟಕ್ಕೆ ಸಮ ಅಂತ ಲೆಕ್ಕ ಹಾಕಿ ಹೇಳುತ್ತಾರೆ. ಮಾಡಿಲ್ಲದಿದ್ದರೆ ಹೊಸ ಹಾಳೆಯನ್ನೇ ಮೊದಲನೆಯದು ಅಂತ ಇಟ್ಟುಕೊಂಡು ಅಲ್ಲಿಂದ ಎಣಿಸಿ. ಮೂರೂ ಹಾಳೆಯ ಮೇಲೆ ಮೆಷಿನ್ ಹೆಸರನ್ನು ಈಗಲೇ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಡಿ.

ಹಾಸನದ ಮಗಳು:

ಬರೆದಾಯಿತು ಅಕ್ಕಾ, ಅಮ್ಮನೇ ಬರೆದರು, ಕೆಂಪು ಇಂಕಿನಲ್ಲಿ.